ಮಗುವಿನ ಜೊತೆ ನಡೆಯಬೇಕಾದ ದಾಖಲೆ

ಜೂನ್ ತಿಂಗಳು ಬಂತೆಂದರೆ ಕತ್ತಲಗೆರೆ ಸೀಮೆಯ ಶಾಲೆಗಳ ಕಚೇರಿಗಳಲ್ಲಿ ಒಂದೇ ಬಗೆಯ ಮಾತುಕತೆ ಕೇಳಿಬರುತ್ತದೆ. ಮಗುವನ್ನು ಸೇರಿಸಲು ಬಂದ ತಂದೆ ಟಿ.ಸಿ. ಮುಂದಿಡುತ್ತಾರೆ. ಮುಖ್ಯೋಪಾಧ್ಯಾಯರು ‘ಸ್ಯಾಟ್ಸ್ ನಂಬರ್ ಎಷ್ಟು?’ ಎಂದು ಕೇಳುತ್ತಾರೆ. ‘ಆಧಾರ್ ಐತೆ, ರೇಷನ್ ಕಾರ್ಡ್ ಐತೆ, ಇದೊಂದು ಯಾವ ನಂಬರ್ ಸಾರ್?’ ಎಂದು ಅವರು ಮರುಪ್ರಶ್ನೆ ಹಾಕುತ್ತಾರೆ. ಈಚೆಗೆ ಇದರ ಜೊತೆಗೆ ‘ಅಪಾರ್’ ಎಂಬ ಮತ್ತೊಂದು ಹೆಸರೂ ಸೇರಿಕೊಂಡು ಗೊಂದಲ ಇಮ್ಮಡಿಯಾಗಿದೆ.

ಪೋಷಕರ ಈ ಪ್ರಶ್ನೆ ನ್ಯಾಯವಾದುದು. ತಮ್ಮ ಮಗುವಿನ ಹೆಸರು, ಜಾತಿ, ಆದಾಯ, ಅಂಕ, ಹಾಜರಾತಿಗಳನ್ನೆಲ್ಲ ಎಲ್ಲಿಯೋ ಬರೆದಿಡಲಾಗುತ್ತಿದೆ ಎಂದಮೇಲೆ ಅದು ಏತಕ್ಕಾಗಿ, ಯಾರ ಕೈಯಲ್ಲಿದೆ, ಅದರಿಂದ ಮಗುವಿಗೆ ಆಗುವ ಲಾಭವೇನು ಎಂಬುದನ್ನು ತಿಳಿಯುವ ಹಕ್ಕು ಅವರಿಗಿದೆ. ವಿದ್ಯಾಸಂಸ್ಥೆಗಳನ್ನು ನಡೆಸುವ ನಮ್ಮೆಲ್ಲರಿಗೂ ಅದನ್ನು ವಿವರಿಸುವ ಹೊಣೆಯಿದೆ. ಆ ಹೊಣೆಯನ್ನು ನಿರ್ವಹಿಸುವ ಸಲುವಾಗಿ ಈ ಲೇಖನ.

ಶಾಲೆಯ ವಹಿ, ಶಾಲೆಯಲ್ಲೇ ಉಳಿಯುತ್ತಿದ್ದ ಕಾಲ

ಶಾಲಾ ದಾಖಲೆ ಹೊಸದೇನಲ್ಲ. ದಾಖಲಾತಿ ವಹಿ, ಹಾಜರಿ ಪುಸ್ತಕ, ಅಂಕಪಟ್ಟಿ, ವರ್ಗಾವಣೆ ಪ್ರಮಾಣಪತ್ರ ಇವು ನಾಲ್ಕು ಯಾವ ಹಳ್ಳಿಯ ಶಾಲೆಯಲ್ಲಿಯೂ ಇದ್ದೇ ಇರುತ್ತಿದ್ದವು. ನಮ್ಮ ಚನ್ನಗಿರಿ, ಹೊನ್ನಾಳಿ, ಜಗಳೂರು ಸೀಮೆಗಳು ಸೇರಿದ್ದ ಮೈಸೂರು ಸಂಸ್ಥಾನವು 1913ರಲ್ಲಿಯೇ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ದಿಕ್ಕಿನಲ್ಲಿ ನಿಬಂಧನೆಯೊಂದನ್ನು ಜಾರಿಗೆ ತಂದಿತು. ಶಿಕ್ಷಣ ಕಡ್ಡಾಯವೆಂದಮೇಲೆ ಯಾವ ಮನೆಯಲ್ಲಿ ಶಾಲೆಯ ವಯಸ್ಸಿನ ಮಕ್ಕಳಿದ್ದಾರೆ, ಅವರಲ್ಲಿ ಬರುವವರೆಷ್ಟು, ಬಾರದವರೆಷ್ಟು ಎಂಬ ಲೆಕ್ಕವೂ ಬೇಕಾಗುತ್ತದೆ. ಹೀಗೆ ಶಿಕ್ಷಣದ ಹಕ್ಕೂ ಶಿಕ್ಷಣದ ಲೆಕ್ಕವೂ ಒಟ್ಟಿಗೇ ಬೆಳೆದು ಬಂದವು.

ಆದರೆ ಆ ವಹಿಗಳೆಲ್ಲ ಶಾಲೆಗೆ ಸೇರಿದವು, ಮಗುವಿಗೆ ಸೇರಿದವಲ್ಲ. ಮಗು ಊರು ಬಿಟ್ಟರೆ ‘ಟಿ.ಸಿ. ಪಡೆದು ಹೋಗಿದೆ’ ಎಂಬ ಷರಾದೊಂದಿಗೆ ಆ ಸಾಲು ಮುಗಿಯುತ್ತಿತ್ತು. ಟಿ.ಸಿ. ಪಡೆದ ಮಗು ಮುಂದಿನ ಶಾಲೆಗೆ ನಿಜವಾಗಿ ಸೇರಿತೋ ಇಲ್ಲವೋ ಎಂಬುದನ್ನು ತಿಳಿಯಲು ಹಳೆಯ ಶಾಲೆಗೆ ದಾರಿಯಿರಲಿಲ್ಲ. ಟಿ.ಸಿ. ಪಡೆಯದೆ ಹೋದ ಮಗುವಿನ ಹೆಸರು ಕೆಲವು ತಿಂಗಳು ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತು ಹೊತ್ತು ನಿಂತು, ಕೊನೆಗೆ ಕೆಂಪು ಶಾಯಿಯಲ್ಲಿ ಹೊಡೆದುಹಾಕಲ್ಪಡುತ್ತಿತ್ತು. ಹಾಗೆ ಹೊಡೆದುಹಾಕಿದ ಹೆಸರುಗಳಲ್ಲಿ ಕೆಲವು ಮತ್ತೊಂದು ಊರಿನ ಶಾಲೆಯಲ್ಲಿ ಓದುತ್ತಿದ್ದವು. ಇನ್ನು ಕೆಲವು ಎಲ್ಲಿಯೂ ಓದುತ್ತಿರಲಿಲ್ಲ. ಎರಡಕ್ಕೂ ವಹಿಯಲ್ಲಿದ್ದುದು ಒಂದೇ ಗೆರೆ.

ತಲೆಯೆಣಿಕೆಯಿಂದ ಮಗುವಿನತ್ತ

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಸರಕಾರಕ್ಕೆ ಬೇಕಾಗಿದ್ದುದು ಒಟ್ಟು ಲೆಕ್ಕ. ಎಷ್ಟು ಶಾಲೆ, ಎಷ್ಟು ಕೊಠಡಿ, ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು ಎಂಬುದು. 1994-95ರ ಸುಮಾರಿಗೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಜೊತೆಗೆ ‘ಡೈಸ್’ ಎಂಬ ಗಣಕ ವ್ಯವಸ್ಥೆ ಬಂದಿತು. 2012-13ರಲ್ಲಿ ಅದು ಹತ್ತು ಹನ್ನೆರಡನೆಯ ತರಗತಿಗಳನ್ನೂ ಒಳಗೊಂಡು ‘ಯು-ಡೈಸ್’ ಆಯಿತು. 2018-19ರಿಂದ ‘ಯುಡೈಸ್ ಪ್ಲಸ್’ ಎಂಬ ಹೆಸರು ಪಡೆಯಿತು. ದೇಶದ ಪ್ರತಿ ಶಾಲೆಗೂ ಹನ್ನೊಂದು ಅಂಕಿಗಳ ಒಂದು ಸಂಕೇತ ದೊರೆಯಿತು. ನಮ್ಮ ರಾಜ್ಯದ ಯಾವುದೇ ಶಾಲೆಯ ಫಲಕವನ್ನು ನೋಡಿದರೂ ಆ ಸಂಕೇತ 29ರಿಂದ ಆರಂಭವಾಗುವುದನ್ನು ಕಾಣಬಹುದು. ಅದು ಕರ್ನಾಟಕದ ಗುರುತು. ಪ್ರತಿ ವರ್ಷ ಸೆಪ್ಟೆಂಬರ್ 30ರಂದು ಇದ್ದ ಸ್ಥಿತಿಯನ್ನು ಮುಖ್ಯೋಪಾಧ್ಯಾಯರು ನಮೂನೆಯಲ್ಲಿ ತುಂಬಿ ಕಳುಹಿಸುತ್ತಿದ್ದರು.

ಈ ಲೆಕ್ಕದಿಂದ ಕಟ್ಟಡಗಳು ಬಂದವು, ಶೌಚಾಲಯಗಳು ಬಂದವು, ಶಿಕ್ಷಕರ ಹುದ್ದೆಗಳ ಹಂಚಿಕೆಗೆ ಒಂದು ಆಧಾರ ಸಿಕ್ಕಿತು. ಅದರ ಉಪಕಾರ ಸಣ್ಣದಲ್ಲ. ಆದರೆ ಅದು ಒಂದು ದಿನದ ಲೆಕ್ಕ. ಕಳೆದ ವರ್ಷ ಏಳನೇ ತರಗತಿಯಲ್ಲಿ ನಲವತ್ತು ಮಕ್ಕಳಿದ್ದರು, ಈ ವರ್ಷ ಎಂಟನೇ ತರಗತಿಯಲ್ಲಿ ನಲವತ್ತು ಮಕ್ಕಳಿದ್ದಾರೆ ಎಂದರೆ ಯಾರೂ ಶಾಲೆ ಬಿಟ್ಟಿಲ್ಲ ಎಂದು ಕಾಗದ ಹೇಳುತ್ತದೆ. ಆರು ಮಕ್ಕಳು ಬಿಟ್ಟು, ಬೇರೆಡೆಯಿಂದ ಆರು ಮಕ್ಕಳು ಬಂದು ಸೇರಿದ್ದರೂ ಕಾಗದ ಅದನ್ನೇ ಹೇಳುತ್ತದೆ.

ಕತ್ತಲಗೆರೆಯ ರೈತರಿಗೆ ಇದನ್ನು ವಿವರಿಸುವುದು ಸುಲಭ. ಅವರೂರಿನಲ್ಲಿಯೇ ಕೃಷಿ ಸಂಶೋಧನಾ ಕೇಂದ್ರವಿದೆ. ಒಂದು ಭತ್ತದ ತಳಿಯನ್ನು ಒಂದೇ ಹಂಗಾಮಿನ ಇಳುವರಿ ನೋಡಿ ಯಾರೂ ಒಳ್ಳೆಯದೆಂದು ಹೇಳುವುದಿಲ್ಲ. ಪ್ರತಿ ತಾಕಿಗೂ ಒಂದು ಗುರುತುಪಟ್ಟಿ ಇರುತ್ತದೆ. ಅದೇ ತಳಿಯನ್ನು ಹಲವು ಹಂಗಾಮುಗಳಲ್ಲಿ, ಹಲವು ಕಡೆಗಳಲ್ಲಿ ಬೆಳೆದು, ಪ್ರತಿ ಸಲದ ಫಲವನ್ನೂ ಬರೆದಿಟ್ಟು, ಆಮೇಲೆ ಮಾತಾಡುತ್ತಾರೆ. ಇಡೀ ಗದ್ದೆಯ ಒಟ್ಟು ಇಳುವರಿ ಒಂದು ಮಾತು. ಗುರುತಿಟ್ಟ ತಾಕು ವರ್ಷದಿಂದ ವರ್ಷಕ್ಕೆ ಹೇಗಾಯಿತು ಎಂಬುದು ಇನ್ನೊಂದು ಮಾತು. ಮೊದಲನೆಯದರಿಂದ ಎರಡನೆಯದು ತಿಳಿಯದು. ವಿದ್ಯಾರ್ಥಿಯ ದಾಖಲೆಯನ್ನು ಕಾಲಾನುಕ್ರಮದಲ್ಲಿ ಕಾಪಾಡುವ ವ್ಯವಸ್ಥೆಯ ತಿರುಳು ಇಷ್ಟೇ.

ಅಮೆರಿಕದ ರಾಜ್ಯಗಳು ಇಂಥ ವ್ಯವಸ್ಥೆಗಳನ್ನು ಕಟ್ಟಲು ಅಲ್ಲಿನ ಕೇಂದ್ರ ಸರಕಾರ 2005ರಿಂದ ಅನುದಾನ ನೀಡುತ್ತ ಬಂದಿದೆ. ನಮ್ಮ ರಾಜ್ಯದಲ್ಲಿ ಅದಕ್ಕೆ ಸಮನಾದ ಪ್ರಯತ್ನವೆಂದರೆ ಶಾಲಾ ಶಿಕ್ಷಣ ಇಲಾಖೆ 2016-17ರ ಸುಮಾರಿಗೆ ಆರಂಭಿಸಿದ ಸ್ಯಾಟ್ಸ್. ಸ್ಟೂಡೆಂಟ್ ಅಚೀವ್‌ಮೆಂಟ್ ಟ್ರ್ಯಾಕಿಂಗ್ ಸಿಸ್ಟಮ್ ಎಂಬುದು ಅದರ ಪೂರ್ಣ ಹೆಸರು. ವಿದ್ಯಾರ್ಥಿಯ ಕಲಿಕೆಯ ಜಾಡನ್ನು ಅನುಸರಿಸುವ ವ್ಯವಸ್ಥೆ ಎಂದು ಅದರ ಅರ್ಥ.

ಒಂಬತ್ತು ಅಂಕಿಗಳ ಹಿಂದೆ ಏನಿದೆ?

ಮಗು ಶಾಲೆಗೆ ಸೇರಿದಾಗ ಅದಕ್ಕೆ ಒಂಬತ್ತು ಅಂಕಿಗಳ ಒಂದು ಸಂಖ್ಯೆ ದೊರೆಯುತ್ತದೆ. ಸರಕಾರಿ, ಅನುದಾನಿತ, ಅನುದಾನರಹಿತ ಎಂಬ ಭೇದವಿಲ್ಲದೆ ರಾಜ್ಯದ ಎಲ್ಲ ಶಾಲೆಗಳ ಮಕ್ಕಳಿಗೂ ಈ ಸಂಖ್ಯೆ ಇರುತ್ತದೆ. ಮಗುವಿನ ಹೆಸರು, ತಂದೆತಾಯಿಯರ ಹೆಸರು, ಜನ್ಮದಿನಾಂಕ, ಮಾತೃಭಾಷೆ, ಕಲಿಕೆಯ ಮಾಧ್ಯಮ, ಜಾತಿ ಮತ್ತು ವರ್ಗ, ಅಂಗವೈಕಲ್ಯವಿದ್ದರೆ ಅದರ ವಿವರ ಇವೆಲ್ಲ ಅದರಡಿ ದಾಖಲಾಗುತ್ತವೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ಫಲಿತಾಂಶವನ್ನು ಶಿಕ್ಷಕರು ಅದರಲ್ಲಿ ತುಂಬುತ್ತಾರೆ. ಟಿ.ಸಿ.ಯನ್ನೂ ಅದರ ಮೂಲಕವೇ ಕೊಡಲಾಗುತ್ತದೆ. ಹಳೆಯ ಶಾಲೆ ಬಿಟ್ಟುಕೊಟ್ಟ ಸಂಖ್ಯೆಯನ್ನು ಹೊಸ ಶಾಲೆ ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ನೋಂದಣಿ, ಪಿ.ಯು. ಪ್ರವೇಶ, ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನದ ಅರ್ಜಿ ಇವೆಲ್ಲಕ್ಕೂ ಇದೇ ಸಂಖ್ಯೆ ಬೇಕು.

ಕೇಂದ್ರ ಸರಕಾರದ ಯುಡೈಸ್ ಪ್ಲಸ್ ಕೂಡ 2022-23ರಿಂದ ಒಟ್ಟು ಲೆಕ್ಕವನ್ನು ಬಿಟ್ಟು ಪ್ರತಿ ಮಗುವಿನ ವಿವರವನ್ನು ಪ್ರತ್ಯೇಕವಾಗಿ ಪಡೆಯತೊಡಗಿತು. ಇದರ ಪರಿಣಾಮ ಕುತೂಹಲಕರವಾದುದು. 2021-22ರಲ್ಲಿ ದೇಶದ ಶಾಲಾ ಮಕ್ಕಳ ಸಂಖ್ಯೆ 26.52 ಕೋಟಿ ಎಂದಿದ್ದುದು 2023-24ರ ವರದಿಯಲ್ಲಿ 24.80 ಕೋಟಿಗೆ ಇಳಿಯಿತು. ಲೆಕ್ಕ ಹಾಕುವ ವಿಧಾನವೇ ಬದಲಾದುದರಿಂದ ಇವೆರಡನ್ನೂ ನೇರವಾಗಿ ಹೋಲಿಸಲಾಗದು ಎಂದು ಸಚಿವಾಲಯ ಹೇಳಿತು. ಅದು ಸರಿಯೂ ಹೌದು. ಒಂದು ಮಗುವಿನ ಹೆಸರು ಅಂಗನವಾಡಿಯ ಪಕ್ಕದ ಸರಕಾರಿ ಶಾಲೆಯಲ್ಲಿಯೂ ಪೇಟೆಯ ಖಾಸಗಿ ಶಾಲೆಯಲ್ಲಿಯೂ ಇದ್ದರೆ ತಲೆಯೆಣಿಕೆಯಲ್ಲಿ ಅದು ಎರಡಾಗುತ್ತದೆ. ಮಗುವಿಗೊಂದು ಗುರುತು ಬಂದಾಗ ಒಂದೇ ಆಗುತ್ತದೆ. ಕಾಣೆಯಾದ ಈ ಒಂದೂಮುಕ್ಕಾಲು ಕೋಟಿಯಲ್ಲಿ ಹೀಗೆ ಎರಡೆಣಿಕೆಯಾದವರೂ ಇರುತ್ತಾರೆ, ನಿಜವಾಗಿ ಶಾಲೆ ಬಿಟ್ಟವರೂ ಇರುತ್ತಾರೆ. ಅವರನ್ನು ಬೇರ್ಪಡಿಸಿ ನೋಡುವ ಕೆಲಸ ದೆಹಲಿಯ ಗಣಕಯಂತ್ರದಿಂದ ಆಗುವಂಥದಲ್ಲ. ಅದು ಊರಿನ ಶಾಲೆಯಿಂದಲೇ ಆಗಬೇಕು.

ಏಳು ಮತ್ತು ಎಂಟರ ನಡುವಿನ ಖಾಲಿ ಜಾಗ

ನಮ್ಮ ರಾಜ್ಯದಲ್ಲಿ ಬಹುಪಾಲು ಕಿರಿಯ ಪ್ರಾಥಮಿಕ ಶಾಲೆಗಳು ಐದನೇ ತರಗತಿಗೂ ಹಿರಿಯ ಪ್ರಾಥಮಿಕ ಶಾಲೆಗಳು ಏಳನೇ ತರಗತಿಗೂ ಮುಗಿಯುತ್ತವೆ. ಎಂಟನೆಯದಕ್ಕೆ ಪ್ರೌಢಶಾಲೆ. ಅಂದರೆ ಓದಿನ ಹಾದಿಯಲ್ಲಿ ಮಗು ಎರಡು ಬಾರಿಯಾದರೂ ಶಾಲೆ ಬದಲಿಸಬೇಕಾಗುತ್ತದೆ. ಹಳೆಯ ಶಾಲೆ ‘ನಮ್ಮ ಕೆಲಸ ಮುಗಿಯಿತು, ಟಿ.ಸಿ. ಕೊಟ್ಟೆವು’ ಎನ್ನುತ್ತದೆ. ಹೊಸ ಶಾಲೆಗೆ ಬಾರದ ಮಗುವಿನ ಪರಿಚಯವೇ ಇರುವುದಿಲ್ಲ. ಆ ನಡುವಿನ ಎರಡು ತಿಂಗಳ ಬೇಸಿಗೆ ರಜೆಯಲ್ಲಿ ಮಗು ಯಾರ ಲೆಕ್ಕಕ್ಕೂ ಸೇರದೆ ಉಳಿಯುತ್ತದೆ. ಪಕ್ಕದೂರಿಗೆ ಹೋಗಲು ಬಸ್ಸಿಲ್ಲವೆಂದು ಹೆಣ್ಣುಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳುವುದು, ಅಡಿಕೆ ಸುಲಿಯುವ ಕೆಲಸಕ್ಕೆ ಹುಡುಗನನ್ನು ಕಳುಹಿಸುವುದು, ವಯಸ್ಸು ತುಂಬುವ ಮೊದಲೇ ಮದುವೆಯ ಮಾತು ಎತ್ತುವುದು ಇವೆಲ್ಲ ನಡೆಯುವುದು ಈ ಖಾಲಿ ಜಾಗದಲ್ಲಿಯೇ.

ಈ ಸೀಮೆಯ ಭೂಗೋಳವೂ ಇದಕ್ಕೆ ಇಂಬು ಕೊಡುತ್ತದೆ. ಚನ್ನಗಿರಿಗೆ ಭದ್ರಾ ನಾಲೆಯ ನೀರಿದೆ, ಸೂಳೆಕೆರೆಯಿದೆ, ಅಡಿಕೆ ತೋಟಗಳಿವೆ. ನಾಟಿಗೂ ಕೊಯ್ಲಿಗೂ ಹೊರಗಿನ ಕೂಲಿಯಾಳುಗಳು ಬೇಕು. ಅದೇ ಜಿಲ್ಲೆಯ ಜಗಳೂರು ಮಳೆಯನ್ನೇ ನಂಬಿದ ಬರದ ಸೀಮೆ. ಮಳೆ ಕೈಕೊಟ್ಟ ವರ್ಷ ಅಲ್ಲಿನ ಕುಟುಂಬಗಳು ದುಡಿಮೆ ಅರಸಿ ಊರು ಬಿಡುತ್ತವೆ. ಹೊನ್ನಾಳಿ, ನ್ಯಾಮತಿ ಭಾಗದ ತಾಂಡಾಗಳಿಂದ ಕಬ್ಬು ಕಡಿಯಲು ಹೋಗುವ ಮನೆಮಂದಿ ಮಕ್ಕಳನ್ನೂ ಕರೆದೊಯ್ಯುತ್ತಾರೆ. ಹೀಗೆ ಹೋದ ಮಗು ನವೆಂಬರಿನಲ್ಲಿ ಒಂದು ಶಾಲೆಯಿಂದ ಮರೆಯಾಗಿ, ಏಪ್ರಿಲಿನಲ್ಲಿ ಊರಿಗೆ ಮರಳುವಾಗ ಒಂದು ವರ್ಷದ ಓದನ್ನೇ ಕಳೆದುಕೊಂಡಿರುತ್ತದೆ.

ಕಾನೂನು ಈ ಮಗುವಿನ ಪರವಾಗಿಯೇ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ 5ನೇ ಪ್ರಕರಣದಂತೆ, 6ರಿಂದ 14 ವರ್ಷದ ಮಗು ಬೇರೊಂದು ಸರಕಾರಿ ಅಥವಾ ಅನುದಾನಿತ ಶಾಲೆಗೆ ಹೋಗಬಯಸಿದರೆ ಮುಖ್ಯೋಪಾಧ್ಯಾಯರು ಕೂಡಲೇ ಟಿ.ಸಿ. ಕೊಡಬೇಕು. ಟಿ.ಸಿ. ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ಪ್ರವೇಶವನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ವಯಸ್ಸಿನ ದಾಖಲೆಯಿಲ್ಲವೆಂದು ಮಗುವನ್ನು ಹಿಂದೆ ಕಳುಹಿಸಬಾರದು ಎನ್ನುತ್ತದೆ 14ನೇ ಪ್ರಕರಣ. ಶಾಲೆ ತಪ್ಪಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು ಎನ್ನುತ್ತದೆ 4ನೇ ಪ್ರಕರಣ. 9ನೇ ಪ್ರಕರಣವಂತೂ ತನ್ನ ವ್ಯಾಪ್ತಿಯ 14 ವರ್ಷದವರೆಗಿನ ಎಲ್ಲ ಮಕ್ಕಳ ದಾಖಲೆ ಇಡುವುದನ್ನೂ ವಲಸೆ ಕುಟುಂಬಗಳ ಮಕ್ಕಳಿಗೆ ಪ್ರವೇಶ ದೊರಕಿಸುವುದನ್ನೂ ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು ವಿಧಿಸಿದೆ. 2013ರಲ್ಲಿ ಕರ್ನಾಟಕದ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡು ಸರಕಾರವನ್ನು ಪ್ರಶ್ನಿಸಿತು. ಮಕ್ಕಳ ಗಣತಿ, ಚಿಣ್ಣರ ಅಂಗಳ, ಟೆಂಟ್ ಶಾಲೆ ಮೊದಲಾದ ಪ್ರಯತ್ನಗಳೂ ನಮ್ಮ ರಾಜ್ಯದಲ್ಲಿ ನಡೆದಿವೆ.

ಕೊರತೆ ಇದ್ದುದು ಒಂದೇ: ಯಾವ ಮಗು ಎಂದು ಹೆಸರು ಹಿಡಿದು ಹೇಳುವ ಸಾಧನ. ಅದನ್ನು ಸ್ಯಾಟ್ಸ್ ಒದಗಿಸಿದೆ. ಏಳನೇ ತರಗತಿ ಮುಗಿಸಿ ಹೋದ ಮಗು ಎಂಟನೆಯದಕ್ಕೆ ಎಲ್ಲಿಯೂ ದಾಖಲಾಗದಿದ್ದರೆ ಆ ಸಂಖ್ಯೆ ಯಾವ ಶಾಲೆಗೂ ಸೇರದೆ ಉಳಿಯುತ್ತದೆ. ನಮ್ಮ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಈ ಸೇರದೆ ಉಳಿದ ಸಂಖ್ಯೆಯೇ. ತುಂಬಿದ ಅಂಕಣಗಳು ವರದಿಗಾಗಿ. ಖಾಲಿ ಉಳಿದ ಅಂಕಣ ಕೆಲಸಕ್ಕಾಗಿ. ಆ ಖಾಲಿ ಅಂಕಣವನ್ನು ನೋಡಿ ಯಾರಾದರೂ ಎದ್ದು ಆ ಮಗುವಿನ ಮನೆಗೆ ಹೋಗದಿದ್ದರೆ, ಕೆಂಪು ಶಾಯಿಯ ಹಳೆಯ ಗೆರೆಗೂ ಗಣಕಯಂತ್ರದ ಹೊಸ ಪಟ್ಟಿಗೂ ವ್ಯತ್ಯಾಸವೇನೂ ಇರುವುದಿಲ್ಲ.

ಒಂದಕ್ಷರ ತಪ್ಪಿದರೆ

ಕರ್ನಾಟಕಕ್ಕೆ ದಾಖಲೆಗಳ ಗಣಕೀಕರಣದ ದೊಡ್ಡ ಅನುಭವವಿದೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಲಾಯಿತು. ಗ್ರಾಮಲೆಕ್ಕಿಗರ ಕೈಬರಹದ ಪಹಣಿಗಾಗಿ ಅಲೆಯುತ್ತಿದ್ದ ರೈತನಿಗೆ ತಾಲ್ಲೂಕು ಕೇಂದ್ರದಲ್ಲಿಯೇ ಮುದ್ರಿತ ಪ್ರತಿ ಸಿಗುವಂತಾದದ್ದು ಮಹದುಪಕಾರ. ಆದರೆ ಹಳೆಯ ಕೈಬರಹದಲ್ಲಿದ್ದ ತಪ್ಪುಗಳೂ ಅಚ್ಚಿನಲ್ಲಿ ಅಚ್ಚುಕಟ್ಟಾಗಿ ಕುಳಿತವು. ಪಹಣಿ ತಿದ್ದುಪಡಿಗಾಗಿ ತಾಲ್ಲೂಕು ಕಚೇರಿಗೆ ಎಡತಾಕುವ ಕಷ್ಟ ಏನೆಂಬುದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಗುವಿನ ದಾಖಲೆಗೂ ಇದೇ ಮಾತು ಅನ್ವಯಿಸುತ್ತದೆ. ಚನ್ನಬಸಪ್ಪ ಎಂಬುದು ಕನ್ನಡದಲ್ಲಿ ಒಂದೇ ಹೆಸರು. ಇಂಗ್ಲಿಷ್ ಲಿಪಿಗೆ ಇಳಿಸುವಾಗ ಆರಂಭದ ಅಕ್ಷರದ ಮುಂದೆ ಒಬ್ಬರು ‘ಎ’ ಬರೆಯುತ್ತಾರೆ, ಇನ್ನೊಬ್ಬರು ‘ಇ’ ಬರೆಯುತ್ತಾರೆ. ಇನಿಷಿಯಲ್ ಶಾಲೆಯಲ್ಲಿ ಹೆಸರಿನ ಮುಂದಿದ್ದರೆ ಆಧಾರ್‌ನಲ್ಲಿ ಹಿಂದಿರುತ್ತದೆ. ಒಂದರಲ್ಲಿ ಊರಿನ ಹೆಸರಿದ್ದರೆ ಇನ್ನೊಂದರಲ್ಲಿ ತಂದೆಯ ಹೆಸರು. ಮನುಷ್ಯನ ಕಣ್ಣಿಗೆ ಇವೆಲ್ಲ ಒಬ್ಬನೇ ಹುಡುಗ. ಯಂತ್ರದ ಕಣ್ಣಿಗೆ ಇಬ್ಬರು ಮೂವರು. ಹೆಸರು ಹೊಂದಾಣಿಕೆಯಾಗದೆ ವಿದ್ಯಾರ್ಥಿವೇತನದ ಅರ್ಜಿ ನಿಂತುಹೋದಾಗಲೇ ಮನೆಯವರಿಗೆ ಇದು ಗೊತ್ತಾಗುವುದು.

ಊರಿನ ವಿಳಾಸವೂ ಸ್ಥಿರವಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲಿಯೂ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿಯೂ ಇದ್ದವು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು ಈಚೆಗೆ. ನೆರೆಯ ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಬಂದು, ಮರಳಿ ಬಳ್ಳಾರಿಗೆ ಹೋಗಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅಲ್ಲಿಯ ಒಬ್ಬ ವ್ಯಕ್ತಿ ಮನೆ ಬದಲಿಸದೆಯೇ ತನ್ನ ಪ್ರಮಾಣಪತ್ರಗಳಲ್ಲಿ ಮೂರು ಜಿಲ್ಲೆಗಳ ಹೆಸರನ್ನು ಹೊತ್ತಿರಬಹುದು. ಹತ್ತಾರು ವರ್ಷ ಬಾಳಬೇಕಾದ ದಾಖಲೆಯಲ್ಲಿ ಇಂಥ ಬದಲಾವಣೆಗಳಿಗೂ ಜಾಗವಿರಬೇಕು.

ಆದುದರಿಂದ ತಿದ್ದುಪಡಿಯ ಹಾದಿ ಸುಗಮವಾಗಿರುವುದು ಮತ್ತು ಬೇಗನೆ ಆಗುವುದು ಅತ್ಯಗತ್ಯ. ಎಸ್.ಎಸ್.ಎಲ್.ಸಿ. ಅಂಕಪಟ್ಟಿ ನಮ್ಮಲ್ಲಿ ಬದುಕಿನುದ್ದಕ್ಕೂ ಜನ್ಮದಿನಾಂಕದ ಸಾಕ್ಷಿಯಾಗಿ ನಿಲ್ಲುತ್ತದೆ. ಅದಕ್ಕೆ ಮೊದಲು ಶಾಲೆಯ ಹಂತದಲ್ಲಿ ಸರಿಪಡಿಸಬಹುದಾದದ್ದು ಆಮೇಲೆ ಕಚೇರಿ, ನ್ಯಾಯಾಲಯಗಳ ಮೆಟ್ಟಿಲು ಹತ್ತಿಸುತ್ತದೆ.

ಯಾರು ನೋಡಬಹುದು, ಯಾರು ನೋಡಬಾರದು

ಇನ್ನೊಂದು ಮುಖ್ಯ ಪ್ರಶ್ನೆಯಿದೆ. ಇಷ್ಟೆಲ್ಲ ವಿವರ ಒಂದೆಡೆ ಸೇರಿದಾಗ ಅದು ಸಹಾಯವೂ ಆಗಬಲ್ಲದು, ಹೊರೆಯೂ ಆಗಬಲ್ಲದು. ಅಮೆರಿಕದಲ್ಲಿ ಸುಮಾರು 10 ಕೋಟಿ ಡಾಲರ್ ವೆಚ್ಚದಲ್ಲಿ ‘ಇನ್‌ಬ್ಲೂಮ್’ ಎಂಬ ಸಂಸ್ಥೆ ಹಲವು ರಾಜ್ಯಗಳ ವಿದ್ಯಾರ್ಥಿಗಳ ವಿವರಗಳನ್ನು ಒಂದೇ ಕಡೆ ಇಡಲು ಹೊರಟಿತು. ಮಕ್ಕಳ ಮಾಹಿತಿ ಯಾರ ಕೈಸೇರುವುದೋ ಎಂದು ತಂದೆತಾಯಿಯರು ಪ್ರಶ್ನಿಸಿದರು. ನಂಬಿಕೆ ಹುಟ್ಟುವಂತೆ ಉತ್ತರಿಸಲಾಗದೆ 2014ರಲ್ಲಿ ಅದು ಬಾಗಿಲು ಮುಚ್ಚಿತು. ಅಲ್ಲಿ ಸೋತದ್ದು ತಂತ್ರಜ್ಞಾನವಲ್ಲ, ಕೇಳದೆ ತೆಗೆದುಕೊಂಡ ರೀತಿ.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಕಾನೂನಿನ ನೆಲೆ ಒದಗಿಸಿದ ಪ್ರಕರಣ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿದೆ ಎಂಬುದು ನಮಗೆಲ್ಲ ಹೆಮ್ಮೆಯ ಸಂಗತಿ. ಅವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಬಂದ ಆಧಾರ್ ತೀರ್ಪಿನಲ್ಲಿ, ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ, ಆಧಾರ್ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಸೌಲಭ್ಯ ತಪ್ಪಬಾರದು ಎಂದು ನ್ಯಾಯಾಲಯ ಹೇಳಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷ ತುಂಬದವರ ಮಾಹಿತಿಯ ಬಳಕೆಗೆ ಪೋಷಕರ ಸಮ್ಮತಿ ಬೇಕೆಂದು ವಿಧಿಸುತ್ತದೆ. ಸರಕಾರಕ್ಕೂ ಶಿಕ್ಷಣ ಸಂಸ್ಥೆಗಳಿಗೂ ಕೆಲವು ವಿನಾಯಿತಿಗಳಿರುವುದರಿಂದ ನಮ್ಮ ಎಚ್ಚರ ಇನ್ನೂ ಹೆಚ್ಚಿರಬೇಕು.

ಹನ್ನೆರಡು ಅಂಕಿಗಳ ‘ಅಪಾರ್’ ಸಂಖ್ಯೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ರಾಜ್ಯದ ಗಡಿ ದಾಟಿಯೂ ವಿದ್ಯಾರ್ಥಿಯ ಅಂಕಪಟ್ಟಿ, ಪ್ರಮಾಣಪತ್ರಗಳು ಡಿಜಿಲಾಕರ್‌ನಲ್ಲಿ ದೊರೆಯುವಂತೆ ಕೇಂದ್ರ ಸರಕಾರ ರೂಪಿಸಿದ ವ್ಯವಸ್ಥೆ ಅದು. ಅದಕ್ಕೆ ಪೋಷಕರ ಲಿಖಿತ ಸಮ್ಮತಿ ಬೇಕು. ಸಮ್ಮತಿ ಪತ್ರ ಎಂದರೆ ಓದಿ, ತಿಳಿದು, ಒಪ್ಪಿದರೆ ಸಹಿ ಹಾಕುವ ಪತ್ರ. ಸಹಿ ಹಾಕದ ಮನೆಯ ಮಗುವನ್ನು ಬೇರೆಯಾಗಿ ಕಾಣುವಂತಿಲ್ಲ.

ಜಾತಿಯ ಅಂಕಣದ ಬಗೆಗೂ ಒಂದು ಮಾತು. ವಿದ್ಯಾರ್ಥಿವೇತನ, ಮೀಸಲಾತಿಗಳಂಥ ನ್ಯಾಯಯುತ ಸೌಲಭ್ಯಗಳಿಗೆ ಆ ವಿವರ ಬೇಕು. ಆದರೆ ಅದರ ಕೆಲಸ ಅಷ್ಟಕ್ಕೇ ಮುಗಿಯಬೇಕು. ತರಗತಿಯ ಮುಂದೆ ಅದನ್ನು ಓದಿ ಹೇಳುವುದು, ಶಾಲೆಯ ಗೋಡೆಯ ಮೇಲೆ ಪಟ್ಟಿ ಅಂಟಿಸುವುದು, ವಾಟ್ಸಾಪ್ ಗುಂಪಿಗೆ ಎಲ್ಲರ ವಿವರ ಹಾಕುವುದು ಇವು ಶರಣರ ಹೆಸರು ಹೇಳುವ ಸಂಸ್ಥೆಗಳಲ್ಲಂತೂ ಆಗಕೂಡದು. ಅಂಕಗಳ ವಿಷಯದಲ್ಲಿಯೂ ಹೀಗೆಯೇ. ಮೂರನೇ ತರಗತಿಯಲ್ಲಿ ಕಡಿಮೆ ಅಂಕ ಪಡೆದ ಮಗುವನ್ನು ಎಂಟನೆಯ ತರಗತಿಯ ಶಿಕ್ಷಕರು ಮೊದಲ ದಿನವೇ ‘ಇವನು ಇಷ್ಟೇ’ ಎಂದು ತೀರ್ಮಾನಿಸಿದರೆ, ಹಿಂದಿನ ದಾಖಲೆ ಮಗುವಿನ ಕಾಲಿಗೆ ಕಟ್ಟಿದ ಕಲ್ಲಾಗುತ್ತದೆ. ಎಲ್ಲಿ ಎಡವಿದನೆಂದು ತಿಳಿದು ಕೈಹಿಡಿಯುವುದಕ್ಕೆ ಆ ದಾಖಲೆ.

ತುಂಬುವವರ ಕಷ್ಟ

ಈ ಎಲ್ಲ ವಿವರಗಳನ್ನು ತುಂಬುವವರು ಪಾಠ ಮಾಡುವ ಶಿಕ್ಷಕರೇ. ರಾಜ್ಯದ ತಂತ್ರಾಂಶದಲ್ಲಿ ಒಮ್ಮೆ, ಕೇಂದ್ರದ ತಂತ್ರಾಂಶದಲ್ಲಿ ಇನ್ನೊಮ್ಮೆ ಅದೇ ಮಗುವಿನ ಅದೇ ವಿವರವನ್ನು ಬರೆಯಬೇಕಾಗುತ್ತದೆ. ಕೊನೆಯ ದಿನಾಂಕ ಹತ್ತಿರವಾದಾಗ ಸರ್ವರ್ ನಿಧಾನವಾಗುತ್ತದೆ. ಹಳ್ಳಿಯ ಶಾಲೆಯಲ್ಲಿ ನೆಟ್‌ವರ್ಕ್ ಸಿಗದೆ ಶಿಕ್ಷಕರು ರಾತ್ರಿ ಮನೆಯಲ್ಲಿ ಕುಳಿತು ಈ ಕೆಲಸ ಮುಗಿಸುತ್ತಾರೆ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಗಣಕಯಂತ್ರದ ಮುಂದೆ ಕುಳಿತರೆ ಅರ್ಧ ಶಾಲೆ ಪಾಠವಿಲ್ಲದೆ ಕೂರುತ್ತದೆ. ಎರಡು ವ್ಯವಸ್ಥೆಗಳೂ ಪರಸ್ಪರ ಮಾತಾಡಿಕೊಂಡು, ಒಮ್ಮೆ ಬರೆದದ್ದು ಎರಡೂ ಕಡೆ ಸಲ್ಲುವಂತಾದರೆ ಅದು ಮಕ್ಕಳಿಗೇ ಮರಳಿ ಸಿಕ್ಕ ಪಾಠದ ಸಮಯ. ತುಂಬಿದ ವಿವರದ ಫಲ ಶಿಕ್ಷಕರಿಗೆ ಕಾಣುವಂತಾದರೆ ತುಂಬುವುದರಲ್ಲಿಯೂ ನಿಷ್ಠೆ ಬರುತ್ತದೆ. ಮೇಲಿನ ಕಚೇರಿಗೆ ಕಳುಹಿಸುವ ಬಾಬತ್ತು ಎಂದಾದಾಗ ಅದು ಕಾಯಕವಾಗಿ ಉಳಿಯದೆ ಕಾಟಾಚಾರವಾಗುತ್ತದೆ.

ನಾವು ಮಾಡಬೇಕಾದುದು

ಪೋಷಕ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟು. ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನು ರೇಷನ್ ಕಾರ್ಡಿನ ಜೊತೆಗೇ ಬರೆದಿಟ್ಟುಕೊಳ್ಳಿರಿ. ವರ್ಷಕ್ಕೊಮ್ಮೆ ಶಾಲೆಗೆ ಹೋಗಿ, ಮಗುವಿನ ಹೆಸರು, ನಿಮ್ಮ ಹೆಸರು, ಜನ್ಮದಿನಾಂಕ ಹೇಗೆ ದಾಖಲಾಗಿವೆ ಎಂದು ತೋರಿಸಲು ಕೇಳಿರಿ. ಓದಲು ಬಾರದವರು ಓದಿಸಿ ಕೇಳಿರಿ. ತಪ್ಪಿದ್ದರೆ ಒಂಬತ್ತನೆಯ ತರಗತಿ ಮುಗಿಯುವುದರೊಳಗೆ ತಿದ್ದಿಸಿರಿ. ದುಡಿಮೆಗಾಗಿ ಊರು ಬಿಡಬೇಕಾದರೆ ಶಿಕ್ಷಕರಿಗೆ ಒಂದು ಮಾತು ಹೇಳಿ ಹೋಗಿರಿ. ಹೋದ ಊರಿನ ಶಾಲೆಗೆ ಆ ಸಂಖ್ಯೆಯನ್ನು ತೋರಿಸಿರಿ. ಕಾಗದ ಸಾಲದೆಂದು ಯಾರಾದರೂ ಮಗುವನ್ನು ಹಿಂದೆ ಕಳುಹಿಸಿದರೆ ಕಾನೂನು ನಿಮ್ಮ ಕಡೆಗಿದೆ ಎಂಬುದನ್ನು ಮರೆಯಬೇಡಿರಿ.

ಮುಖ್ಯೋಪಾಧ್ಯಾಯರಲ್ಲಿಯೂ ಆಡಳಿತ ಮಂಡಳಿಯ ಸದಸ್ಯರಲ್ಲಿಯೂ ನಮ್ಮ ವಿನಂತಿ ಇನ್ನಷ್ಟು ಕಟ್ಟುನಿಟ್ಟಾದುದು. ಫೀಸು ಬಾಕಿಯಿದೆ ಎಂದು ಟಿ.ಸಿ. ತಡೆಹಿಡಿಯುವ ರೂಢಿ ನಮ್ಮ ಸಮಾಜದಲ್ಲಿ ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಈಗ ಅದರ ಹೊಸ ರೂಪವೆಂದರೆ ಸ್ಯಾಟ್ಸ್ ಸಂಖ್ಯೆಯನ್ನು ಬಿಟ್ಟುಕೊಡದಿರುವುದು. ಬಾಕಿ ಹಣವನ್ನು ದೊಡ್ಡವರು ದೊಡ್ಡವರ ಬಳಿ ಕೇಳಿಕೊಳ್ಳಬಹುದು. ಮಗುವಿನ ಮುಂದಿನ ತರಗತಿಯನ್ನು ಒತ್ತೆಯಿಟ್ಟುಕೊಳ್ಳುವುದು ಸಲ್ಲದು. ತಂತ್ರಾಂಶದ ಪಾಸ್‌ವರ್ಡ್ ಊರಿನ ಸೈಬರ್ ಅಂಗಡಿಯವರ ಕೈಯಲ್ಲಿರಬಾರದು. ಸಮ್ಮತಿ ಪತ್ರಗಳಿಗೆ ಮಕ್ಕಳಿಂದಲೇ ಸಹಿ ಮಾಡಿಸಿ ಮುಗಿಸಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ವರ್ಷ ಜುಲೈ ಕೊನೆಯೊಳಗೆ ಪ್ರತಿ ಶಾಲೆಯೂ ಒಂದು ಪಟ್ಟಿ ಮಾಡಲಿ. ಕಳೆದ ಸಾಲಿನಲ್ಲಿ ನಮ್ಮಲ್ಲಿ ಓದಿ ಹೋದ ಮಕ್ಕಳಲ್ಲಿ ಈ ವರ್ಷ ಎಲ್ಲಿಯೂ ದಾಖಲಾಗದವರು ಯಾರು? ಆ ಪಟ್ಟಿ ಉದ್ದವಿರಲಾರದು. ನಾಲ್ಕೋ ಐದೋ ಹೆಸರು ಇರಬಹುದು. ಒಂದು ಭಾನುವಾರ ಇಬ್ಬರು ಶಿಕ್ಷಕರು, ಎಸ್.ಡಿ.ಎಂ.ಸಿ.ಯ ಒಬ್ಬ ಸದಸ್ಯರು, ಊರಿನ ಒಬ್ಬ ಹಿರಿಯರು ಆ ಮನೆಗಳಿಗೆ ಹೋಗಿ ಬರಲಿ. ಬಸ್ಸಿನ ತೊಂದರೆಯೋ, ಬಟ್ಟೆಬರೆಯ ಕೊರತೆಯೋ, ಮದುವೆಯ ಆಲೋಚನೆಯೋ ಎಂಬುದು ಅಲ್ಲಿ ಗೊತ್ತಾಗುತ್ತದೆ. ಪ್ರಸಾದನಿಲಯದಲ್ಲಿ ಒಂದು ಜಾಗ ಕೊಟ್ಟರೆ ಬಗೆಹರಿಯುವ ತೊಂದರೆಗಳನ್ನು ಬಗೆಹರಿಸಲು ಮಠಮಾನ್ಯಗಳಿವೆ. ಮಿಕ್ಕುದಕ್ಕೆ ಗ್ರಾಮ ಪಂಚಾಯಿತಿಯನ್ನೂ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನೂ ಕೇಳುವ ಹಕ್ಕು ನಮಗಿದೆ.

ರಾಜ್ಯದ ಕೋಟಿ ಮಕ್ಕಳ ದಾಖಲೆಯನ್ನು ಸರಕಾರ ಕಾಪಾಡಲಿ. ನಮ್ಮ ಊರಿನ ಆ ನಾಲ್ಕೈದು ಮಕ್ಕಳ ಹೆಸರನ್ನು ನೆನಪಿಟ್ಟುಕೊಂಡು ಅವರ ಮನೆಯ ಬಾಗಿಲು ತಟ್ಟುವ ಕೆಲಸವನ್ನು ನಾವು ವಹಿಸಿಕೊಳ್ಳೋಣ.